ಕಾರ್ಡಿಗೆ 15 ದಿನ, ಕರುಳಿಗೆ 5 ವರ್ಷ

ಆಸ್ಪತ್ರೆಗಳಲ್ಲಿ ‘ಲಾಸ್ಟ್ ಟು ಫಾಲೋಅಪ್’ ಅಂತ ಒಂದು ಮಾತಿದೆ. ಆಪರೇಷನ್ ಆದ ಮೇಲೆ ತಪಾಸಣೆಗೆ ವಾಪಸು ಬಾರದ ರೋಗಿಯ ಹೆಸರಿನ ಮುಂದೆ ಅದನ್ನು ಬರೆಯುತ್ತಾರೆ. ಕನ್ನಡದಲ್ಲಿ ಹೇಳಿದರೆ ‘ಕಳೆದುಹೋದವರು’. ಜಾತ್ರೆಯಲ್ಲಿ ಮಗು ಕಳೆದ ಹಾಗೆ, ಮೇಯಲು ಹೋದ ಆಡು ತಪ್ಪಿಸಿಕೊಂಡ ಹಾಗೆ.

ನಮ್ಮ ತಂಡದ ಗೆಳೆಯನೊಬ್ಬನ ದೊಡ್ಡಪ್ಪನೂ ಹೀಗೆ ಒಂದು ಆಸ್ಪತ್ರೆಯ ಲೆಕ್ಕದಲ್ಲಿ ಕಳೆದುಹೋಗಿದ್ದರು. ನಾವು ಹೋಗಿ ನೋಡಿದೆವು. ಹಾವೇರಿ ಜಿಲ್ಲೆಯ ಅದೇ ಊರು, ಅದೇ ಮನೆ, ಅದೇ ಕಟ್ಟೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಕೂತಿದ್ದರು. ಸಂಘದ ಸಾಲದ ಕಂತು ವಸೂಲಿ ಮಾಡುವ ಹುಡುಗನಿಗೆ ಅವರ ಮನೆ ವಾರಕ್ಕೊಮ್ಮೆ ತಪ್ಪದೆ ಸಿಗುತ್ತದೆ. ಓಟಿನ ಚೀಟಿ ತಂದುಕೊಡುವವರಿಗೂ ಸಿಗುತ್ತದೆ. ಅವರ ಎಮ್ಮೆಯ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ ಇದೆ, ಕಾಲುಬಾಯಿ ಜ್ವರದ ಲಸಿಕೆ ಹಾಕಿದರೆ ಆ ಅಂಕಿಯ ಮೇಲೆ ದಾಖಲಾಗುತ್ತದೆ. ದೊಡ್ಡಪ್ಪನಿಗೂ ‘ಆಭಾ’ ಅಂತ 14 ಅಂಕಿಯ ಆರೋಗ್ಯ ಸಂಖ್ಯೆ ಮಾಡಿಸಿದ್ದಾರೆ. ಎಮ್ಮೆಗಿಂತ ಎರಡು ಅಂಕಿ ಹೆಚ್ಚು. ಆದರೆ ಎಮ್ಮೆಯನ್ನು ಹುಡುಕಿಕೊಂಡು ಬಂದವರು ಅವರನ್ನು ಹುಡುಕಿಕೊಂಡು ಬರಲಿಲ್ಲ.

ಹಾಗಾದರೆ ಕಳೆದದ್ದು ಯಾರು, ಕಳೆದುಕೊಂಡದ್ದು ಯಾರು?

ಮೊದಲು ನಡೆದದ್ದನ್ನು ಹೇಳುತ್ತೇವೆ. ದೊಡ್ಡಪ್ಪನಿಗೆ 52 ವರ್ಷವಿದ್ದಾಗ ಮಲದಲ್ಲಿ ರಕ್ತ ಕಂಡಿತು. ಮೂಲವ್ಯಾಧಿ ಅಂತ ಎಂಟು ತಿಂಗಳು ಗುಳಿಗೆ, ಲೇಪ, ನಾಟಿ ಔಷಧ ಎಲ್ಲ ಆಯಿತು. ಕೊನೆಗೆ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನ ಮೇಲೆ ಆಪರೇಷನ್ ಆಯಿತು, ಕಿಮೋ ಕೂಡ ಆಯಿತು. ಹೊಲ ಮಾರಬೇಕಾಗಲಿಲ್ಲ. ಇದನ್ನು ನಾವು ಮರೆತು ಬರೆಯುತ್ತಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುವ ಈ ಯೋಜನೆ ಇಲ್ಲದಿದ್ದರೆ ಅವರು ಆಪರೇಷನ್ ಟೇಬಲ್‌ವರೆಗೂ ಹೋಗುತ್ತಿರಲಿಲ್ಲ.

ಮನೆಗೆ ಬಂದರು. ದೇವರಿಗೆ ಕಾಯಿ ಒಡೆಸಿದರು. ಊರಿಗೆ ಊರೇ ‘ಗುಣ ಆತು’ ಅಂದಿತು. ಒಂದೂವರೆ ವರ್ಷದ ಮೇಲೆ ಊಟ ಸೇರದಾಯಿತು, ತೂಕ ಇಳಿಯಿತು, ಬಲಗಡೆ ಪಕ್ಕೆಯ ಕೆಳಗೆ ನೋವು. ಸ್ಕ್ಯಾನ್ ಮಾಡಿಸಿದರೆ ಲಿವರಿನಲ್ಲಿ ಗಡ್ಡೆಗಳು. ಒಂದೆರಡಲ್ಲ, ಎರಡೂ ಕಡೆ ಹರಡಿದ್ದವು.

‘ನಡುವ ಯಾಕ ತೋರಿಸಲಿಲ್ರಿ ದೊಡ್ಡಪ್ಪ?’ ಅಂತ ಕೇಳಿದೆವು.

‘ಬ್ಯಾನಿ ಇದ್ರ ಬರ್ರಿ ಅಂದಿದ್ರು. ಬ್ಯಾನಿ ಇರಲಿಲ್ಲ, ಹೋಗಲಿಲ್ಲ.’

ಈ ಉತ್ತರದಲ್ಲಿ ಒಂದು ತಪ್ಪು ತೋರಿಸಿ ನೋಡೋಣ. ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, ನೋವಿಲ್ಲದ ಹೊಟ್ಟೆಯನ್ನು ಹೊತ್ತುಕೊಂಡು ನಗರಕ್ಕೆ ಹೋಗಿ ಸಾಲಿನಲ್ಲಿ ನಿಲ್ಲುವವರು ಯಾರು? ನಾವೂ ನಿಲ್ಲುವುದಿಲ್ಲ.

ಆಮೇಲೆ ಫೈಲು ತೆಗೆಸಿದೆವು. ಟ್ರಂಕಿನಲ್ಲಿ, ಪಹಣಿ ಪತ್ರದ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿತ್ತು. ಡಿಸ್ಚಾರ್ಜ್ ಸಮ್ಮರಿ ನಾಲ್ಕು ಪುಟ, ಎಲ್ಲಾ ಇಂಗ್ಲಿಷ್. ನಾಲ್ಕನೇ ಪುಟದ ಕೊನೆಯಲ್ಲಿ, ಸಹಿಯ ಮೇಲುಗಡೆ, ಎರಡು ಸಾಲಿನಲ್ಲಿ ಎಲ್ಲವೂ ಬರೆದಿತ್ತು: 3 ತಿಂಗಳಿಗೊಮ್ಮೆ ಸಿ.ಇ.ಎ. ರಕ್ತ ಪರೀಕ್ಷೆ, ವರ್ಷಕ್ಕೆ ಸಿ.ಟಿ. ಸ್ಕ್ಯಾನ್, ವರ್ಷದ ಹೊತ್ತಿಗೆ ಕೊಲೊನೊಸ್ಕೋಪಿ. ಅದನ್ನು ಓದಬಲ್ಲವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಓದಬಲ್ಲವನು ನಮ್ಮ ಗೆಳೆಯ. ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿದವನು, ದೀಪಾವಳಿಗೆ, ಯುಗಾದಿಗೆ ಆ ಮನೆಯಲ್ಲೇ ಹೋಳಿಗೆ ಉಂಡವನು. ‘ಆರಾಮ ಅದಾರ’ ಅಂದುಕೊಂಡು ಫೈಲು ಬಿಚ್ಚಲಿಲ್ಲ. ಬೇರೆಯವರನ್ನು ಬೈಯುವ ಮುಂಚೆ ಇದನ್ನು ಹೇಳಿಬಿಡುವುದು ನ್ಯಾಯ.

ಈಗ ಬೈಯುತ್ತೇವೆ.

ಕರುಳಿನ ಕ್ಯಾನ್ಸರ್ ಆಪರೇಷನ್ ಅಂದರೆ ಗಡ್ಡೆಯಿದ್ದ ಕರುಳಿನ ತುಂಡು, ಅದರ ಸುತ್ತಲಿನ ಗಂಟುಗಳನ್ನು ತೆಗೆದು ಉಳಿದ ಕರುಳನ್ನು ಜೋಡಿಸುವುದು. ಕಣ್ಣಿಗೆ, ಸ್ಕ್ಯಾನಿಗೆ ಕಾಣುವುದನ್ನು ಸರ್ಜನ್ ತೆಗೆಯುತ್ತಾರೆ. ಕಾಣದಷ್ಟು ಸಣ್ಣ ಕಣಗಳು ಅಷ್ಟರೊಳಗೆ ರಕ್ತದ ಜೊತೆ ಲಿವರಿಗೋ ಶ್ವಾಸಕೋಶಕ್ಕೋ ಹೋಗಿ ಕೂತಿರಬಹುದು. ಎಲ್ಲರಿಗೂ ಹಾಗಾಗುವುದಿಲ್ಲ. ಬಹಳ ಜನ ಆಪರೇಷನ್ನಿನಿಂದಲೇ ಪೂರ್ತಿ ಗುಣವಾಗುತ್ತಾರೆ. ಮರಳಿ ಬರುವುದಾದರೆ ಮಾತ್ರ ಹೆಚ್ಚಿನವು ಮೊದಲ ಎರಡು ಮೂರು ವರ್ಷದಲ್ಲೇ ಬರುತ್ತವೆ. ಬಂದಾಗ ಮೊದಮೊದಲು ನೋವೇ ಇರುವುದಿಲ್ಲ. ‘ಬ್ಯಾನಿ ಇದ್ರ ಬರ್ರಿ’ ಅನ್ನುವ ಮಾತು ಎಷ್ಟು ದುಬಾರಿ ಅಂತ ಇಲ್ಲಿ ಗೊತ್ತಾಗುತ್ತದೆ. ಲಿವರಿನಲ್ಲಿ ಒಂದೆರಡು ಚುಕ್ಕೆ ಇದ್ದಾಗ ಸಿಕ್ಕರೆ ಅದನ್ನೂ ಕತ್ತರಿಸಿ ತೆಗೆಯಬಹುದು. ಹಾಗೆ ತೆಗೆಸಿಕೊಂಡು ಎಷ್ಟೋ ವರ್ಷ ಬದುಕಿದವರಿದ್ದಾರೆ. ಲಿವರ್ ತುಂಬ ಹರಡಿದ ಮೇಲೆ ಆ ದಾರಿ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ.

ಅದಕ್ಕೇ 5 ವರ್ಷದ ಕಾವಲು. ಸಿ.ಇ.ಎ. ಅನ್ನುವುದು ರಕ್ತದಲ್ಲಿರುವ ಒಂದು ಪ್ರೋಟೀನಿನ ಅಳತೆ. ಆಪರೇಷನ್ ಆದ ಮೇಲೆ ಇಳಿದದ್ದು ಮತ್ತೆ ಏರುತ್ತಾ ಹೋದರೆ ಒಳಗೆ ಏನೋ ನಡೆದಿದೆ ಅಂತ ಅನುಮಾನ. ಕೊಲೊನೊಸ್ಕೋಪಿ ಅಂದರೆ ಹಿಂಭಾಗದಿಂದ ಸಣ್ಣ ಕ್ಯಾಮೆರಾ ಇರುವ ಕೊಳವೆ ಬಿಟ್ಟು ಉಳಿದ ಕರುಳನ್ನು ಒಳಗಿನಿಂದ ನೋಡುವುದು. ಒಂದು ವರ್ಷಕ್ಕೆ ಒಮ್ಮೆ ಮಾಡಿಸಿ, ಎಲ್ಲ ಸರಿಯಿದ್ದರೆ ಮತ್ತೆ 3 ವರ್ಷ ಬಿಟ್ಟು, ಆಮೇಲೆ 5 ವರ್ಷಕ್ಕೊಮ್ಮೆ. ಆಪರೇಷನ್ನಿಗೆ ಮುಂಚೆ ಗಡ್ಡೆ ಅಡ್ಡ ಬಂದು ಕರುಳನ್ನು ಪೂರ್ತಿ ನೋಡಲು ಆಗಿರದಿದ್ದರೆ ವರ್ಷ ಕಾಯುವ ಹಾಗಿಲ್ಲ, ಮೂರರಿಂದ ಆರು ತಿಂಗಳೊಳಗೇ ಮಾಡಿಸಬೇಕು. ನಿಮ್ಮ ಕಾಯಿಲೆ ಯಾವ ಹಂತದ್ದು ಅನ್ನುವುದರ ಮೇಲೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಅದನ್ನು ನಿಮ್ಮ ವೈದ್ಯರನ್ನೇ ಕೇಳಬೇಕು.

ಈಗ ಕಾರ್ಡಿನ ಲೆಕ್ಕ ನೋಡಿ. ರಾಷ್ಟ್ರೀಯ ಆಯುಷ್ಮಾನ್ ಭಾರತ್ ಯೋಜನೆಯ ನಿಯಮದಲ್ಲಿ ಆಸ್ಪತ್ರೆಗೆ ಸೇರುವ ಮುಂಚಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನದ ಪರೀಕ್ಷೆ, ಔಷಧಗಳ ಖರ್ಚು ಸೇರುತ್ತದೆ. ಅಡ್ಮಿಟ್ ಆಗದೆ ಬರೀ ಹೊರರೋಗಿಯಾಗಿ ತೋರಿಸಿಕೊಂಡು ಬರುವುದು ಆ ಯೋಜನೆಯೊಳಗಿಲ್ಲ. ಅಂದರೆ ಹೊಲಿಗೆ ಬಿಚ್ಚುವವರೆಗೆ ಸರ್ಕಾರ ಜೊತೆಗಿರುತ್ತದೆ. ಆಮೇಲಿನ ನಾಲ್ಕು ವರ್ಷ ಹನ್ನೊಂದೂವರೆ ತಿಂಗಳು ನಿಮ್ಮ ಹಣೆಬರಹ. ಲಕ್ಷಗಟ್ಟಲೆ ಖರ್ಚು ಮಾಡಿ ಬಾವಿ ತೋಡಿಸಿ, ಹಗ್ಗಕ್ಕೆ ದುಡ್ಡಿಲ್ಲ ಅಂದ ಹಾಗಾಯಿತು.

‘ಇಷ್ಟೊಂದು ಪರೀಕ್ಷೆ ಎಲ್ಲರಿಗೂ ಉಚಿತವಾಗಿ ಮಾಡಿದರೆ ಖಜಾನೆ ಬರಿದಾಗುತ್ತದೆ’ ಅನ್ನುವವರು ಇದ್ದಾರೆ. ಅವರಿಗೆ ಒಂದು ವಿಷಯ ತಿಳಿಸಬೇಕು. ಸ್ವೀಡನ್, ಡೆನ್ಮಾರ್ಕ್, ಉರುಗ್ವೆ ದೇಶಗಳ ಆಸ್ಪತ್ರೆಗಳು ಸೇರಿ ಆಪರೇಷನ್ ಆದ ಎರಡೂವರೆ ಸಾವಿರ ರೋಗಿಗಳನ್ನು 5 ವರ್ಷ ಗಮನಿಸಿದವು. ‘ಕೊಲೊಫಾಲ್’ ಅನ್ನುವ ಈ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ 3 ವರ್ಷದಲ್ಲಿ ಐದು ಸಲ ಸಿ.ಟಿ. ಸ್ಕ್ಯಾನ್, ರಕ್ತ ಪರೀಕ್ಷೆ. ಇನ್ನೊಂದು ಗುಂಪಿಗೆ ಎರಡೇ ಸಲ, ಒಂದನೇ ವರ್ಷಕ್ಕೆ ಮತ್ತು ಮೂರನೇ ವರ್ಷಕ್ಕೆ. ಬದುಕುಳಿದವರ ಲೆಕ್ಕದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

ಇದರಿಂದ ಎರಡು ಮಾತು ಹೊರಡುತ್ತವೆ. ‘ಮೂರು ತಿಂಗಳಿಗೊಮ್ಮೆ ಪೆಟ್ ಸ್ಕ್ಯಾನ್ ಮಾಡಿಸಲೇಬೇಕು’ ಅಂತ ಹೆದರಿಸಿ ಬಂಗಾರ ಅಡವಿಡಿಸುವ ಖಾಸಗಿಯವರ ಮಾತನ್ನು ನಂಬಬೇಡಿ. ಏನೂ ತೊಂದರೆ ಇಲ್ಲದವರಿಗೆ ಮಾಮೂಲಿ ತಪಾಸಣೆಗೆ ಪೆಟ್ ಸ್ಕ್ಯಾನ್ ಬೇಕಿಲ್ಲ. ಎರಡನೆಯದು ಸರ್ಕಾರಕ್ಕೆ: ನಾವು ಕೇಳುತ್ತಿರುವುದು ಅರಮನೆಯಲ್ಲ. ಐದು ಸ್ಕ್ಯಾನ್ ಬೇಡ ಅಂತಲೇ ಇಟ್ಟುಕೊಳ್ಳಿ, ಎರಡು ಮಾಡಿ. ದೊಡ್ಡಪ್ಪನಿಗೆ ಆದದ್ದು ಸೊನ್ನೆ. ಸೊನ್ನೆಗೂ ಎರಡಕ್ಕೂ ಇರುವ ಅಂತರಕ್ಕೆ ಯಾವ ಅಧ್ಯಯನವೂ ಬೇಕಾಗಿಲ್ಲ.

ರಕ್ತ ತೆಗೆಯಲು ದೊಡ್ಡ ಆಸ್ಪತ್ರೆ ಏಕೆ ಬೇಕು? ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದು ಸೀಸೆಯನ್ನು ಜಿಲ್ಲೆಗೆ ಕಳಿಸಬಹುದು. ಸೀಸೆಗೆ ಕೂಲಿ ಹೋಗುವುದಿಲ್ಲ, ಬಸ್ಸಿನಲ್ಲಿ ವಾಂತಿಯಾಗುವುದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಸಿ.ಟಿ. ಯಂತ್ರಗಳು ಹಲವು ಕಡೆ ಇವೆ. 2025ರ ಕೇಂದ್ರ ಬಜೆಟ್‌ನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಯಾನ್ಸರ್ ಡೇ ಕೇರ್ ಕೇಂದ್ರ ಮಾಡುತ್ತೇವೆ, ಮೊದಲ ವರ್ಷವೇ 200 ಅಂತ ಹೇಳಿದರು. ನಮ್ಮ ರಾಜ್ಯವೂ ಜಿಲ್ಲೆಗಳಲ್ಲಿ ಕಿಮೋ ಕೇಂದ್ರ ತೆರೆಯಲು ಶುರು ಮಾಡಿದೆ. ಸಂತೋಷ. ಅದೇ ಕೋಣೆಯಲ್ಲಿ ಒಂದು ಮೇಜು, ಒಂದು ರಿಜಿಸ್ಟರು, ಒಂದು ಫೋನು ಇಡಿ. ಯಾರ ಆಪರೇಷನ್ ಯಾವಾಗ ಆಯಿತು, ಯಾರ ಪರೀಕ್ಷೆ ಯಾವ ತಿಂಗಳು ಬರಬೇಕು, ಬಾರದಿದ್ದರೆ ಒಂದು ಫೋನು.

ಇದು ಹೊಸ ವಿದ್ಯೆಯೇನೂ ಅಲ್ಲ. ಬಸುರಿಗೆ ತಾಯಿ ಕಾರ್ಡ್ ಕೊಟ್ಟು ಯಾವ ತಿಂಗಳು ಯಾವ ಚುಚ್ಚುಮದ್ದು ಅಂತ ಬರೆದು ಮನೆ ಬಾಗಿಲಿಗೆ ಬಂದು ಕೇಳುವ ಇಲಾಖೆ ಇದೇ. ಟಿ.ಬಿ. ರೋಗಿಯ ಹೆಸರನ್ನು ‘ನಿಕ್ಷಯ್’ನಲ್ಲಿ ಏರಿಸಿ, ಗುಳಿಗೆ ನುಂಗಿದರೋ ಇಲ್ಲವೋ ವಿಚಾರಿಸಿ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಹಾಕುವುದೂ ಸರ್ಕಾರವೇ. ಹಾಗೆ ಹುಡುಕಲು ಬರುತ್ತದೆ ಅಂದ ಮೇಲೆ, ಹುಡುಕದೆ ಇದ್ದದ್ದು ಬಾರದೆ ಅಲ್ಲ, ಬೇಡವಾಗಿ. ಕರುಳಿನ ಕ್ಯಾನ್ಸರ್ ಅಂತೂ ಲೆಕ್ಕದಲ್ಲೇ ಹಿಂದೆ. ಊರೂರಿಗೆ ಬಂದು ಮಾಡುವ ಸರ್ಕಾರಿ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠ ಮೂರೇ ಇವೆ.

ಹಾಗಂತ ಇದನ್ನೂ ಆಶಾ ಅಕ್ಕಂದಿರ ತಲೆಗೆ ಕಟ್ಟಿ ಅಂತ ನಾವು ಹೇಳುವುದಿಲ್ಲ. ಹೆಚ್ಚಿನ ಗೌರವಧನಕ್ಕಾಗಿ 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿದವರು ಅವರು. ಹೊಸ ಕೆಲಸ ಕೊಡುವುದಾದರೆ ಅದಕ್ಕೆ ಹೊಸ ದುಡ್ಡನ್ನೂ ಕೊಡಿ.

ಚೀಲದ ವಿಷಯಕ್ಕೆ ಬರೋಣ. ಇದನ್ನು ಊರಲ್ಲಿ ಯಾರೂ ಬಾಯಿ ಬಿಟ್ಟು ಮಾತಾಡುವುದಿಲ್ಲ.

ಮಲದ್ವಾರದ ಹತ್ತಿರದ ಗಡ್ಡೆಯಾದರೆ, ಒಳಗಿನ ಜೋಡಣೆ ಮಾಯುವವರೆಗೆ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಅಲ್ಲಿಂದ ಮಲ ಚೀಲಕ್ಕೆ ಬೀಳುವ ಹಾಗೆ ಮಾಡುತ್ತಾರೆ. ಬಹಳ ಸಲ ಇದು ತಾತ್ಕಾಲಿಕ. ಕೆಲವು ತಿಂಗಳ ಮೇಲೆ, ಕಿಮೋ ಇದ್ದರೆ ಅದು ಮುಗಿದ ಮೇಲೆ, ಇನ್ನೊಂದು ಆಪರೇಷನ್ ಮಾಡಿ ಕರುಳನ್ನು ಒಳಗೆ ಸೇರಿಸುತ್ತಾರೆ. ಅದೇ ತಾಲ್ಲೂಕಿನ ಇನ್ನೊಂದು ಊರಿನಲ್ಲಿ ನಾವು ಕಂಡ ತಾಯಿಗೆ ಹೀಗೆ ತಾತ್ಕಾಲಿಕವಾಗಿ ಇಟ್ಟ ಚೀಲಕ್ಕೆ ಎರಡು ವರ್ಷ ತುಂಬಿದೆ. ಒಳಗೆ ಸೇರಿಸುವುದಿದೆ ಅನ್ನುವುದೇ ಆಕೆಗೆ ಗೊತ್ತಿರಲಿಲ್ಲ. ಸಾಯುವ ತನಕ ಹೀಗೇ ಅಂದುಕೊಂಡಿದ್ದಳು.

‘ನಾಲ್ಕು ಮಂದ್ಯಾಗ ಕುಂದ್ರಾಕ ಅಂಜಿಕಿ ಬರ್ತೈತ್ರಿ. ಯಾವಾಗ ಸಪ್ಪಳ ಆಗ್ತೈತೋ, ಯಾವಾಗ ಸೋರತೈತೋ. ತಂಗಿ ಮಗಳ ಮದವಿಗೂ ಹೋಗಲಿಲ್ಲ.’

ಚೀಲ ಹಾಕುವುದನ್ನು ಆಕೆಗೆ ಬಿಡುಗಡೆಯ ದಿನ ಹತ್ತು ನಿಮಿಷ ತೋರಿಸಿದ್ದರಂತೆ. ಒಂದಕ್ಕೆ 250ರಿಂದ 300 ರೂಪಾಯಿ, ತಾಲ್ಲೂಕಿನ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ಹುಬ್ಬಳ್ಳಿಯಿಂದ ತರಿಸಬೇಕು. ದುಡ್ಡಿಲ್ಲದ ವಾರ ಪ್ಲಾಸ್ಟಿಕ್ ಕವರಿಗೆ ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಸಣ್ಣ ಕರುಳಿನಿಂದ ತೆಳ್ಳಗೆ ಬರುವ ಮಲದಲ್ಲಿ ಜೀರ್ಣರಸ ಇರುತ್ತದೆ, ಸೋರಿದರೆ ಚರ್ಮ ಬೆಂದ ಹಾಗೆ ಕೆಂಪಾಗುತ್ತದೆ. ಆಕೆಯ ಹೊಟ್ಟೆ ಹಾಗೇ ಆಗಿತ್ತು. ಕಾರಣ ಬಹಳ ಸಣ್ಣದು. ಆಪರೇಷನ್ ಆದ ಹೊಸತರಲ್ಲಿ ಆ ಬಾಯಿ ಊದಿಕೊಂಡಿರುತ್ತದೆ, ಆರೆಂಟು ವಾರದಲ್ಲಿ ಇಳಿದು ಸಣ್ಣದಾಗುತ್ತದೆ. ಆಗ ಅಳತೆ ಮತ್ತೆ ತೆಗೆದು, ಚೀಲದ ತೂತನ್ನು ಬಾಯಿಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಬೇಕು. ಆಕೆ ಎರಡು ವರ್ಷದಿಂದ ಮೊದಲ ದಿನದ ಅಳತೆಯಲ್ಲೇ ಕತ್ತರಿಸುತ್ತಿದ್ದಳು. ಚೀಲ ಮೂರರಲ್ಲಿ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಬೇಕು, ತುಂಬಿದರೆ ಭಾರಕ್ಕೆ ಅಂಟು ಬಿಡುತ್ತದೆ ಅನ್ನುವುದನ್ನೂ ಯಾರೂ ಹೇಳಿರಲಿಲ್ಲ. ಬೇಸಿಗೆಯಲ್ಲಿ ಮೈಯ ನೀರು, ಉಪ್ಪು ಎಲ್ಲ ಹೊರಟುಹೋಗಿ ಎರಡು ಸಲ ತಲೆ ತಿರುಗಿ ಬಿದ್ದಿದ್ದಾಳೆ. ಇಂಥವರಿಗೆ ಓ.ಆರ್.ಎಸ್. ಪುಡಿ ಕೈಗೆಟುಕುವಲ್ಲಿ ಇರಬೇಕು. ಮೂತ್ರ ಕಡಿಮೆಯಾಗಿ ತಲೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪುಡಿ ಉಪಕೇಂದ್ರದಲ್ಲೇ ಇದೆ. ಹೇಳುವವರಿರಲಿಲ್ಲ.

ಲಕ್ಷ ರೂಪಾಯಿಯ ಆಪರೇಷನ್ನಿಗೆ ಪ್ಯಾಕೇಜ್ ಇದೆ, ಅದರಿಂದ ಹುಟ್ಟಿದ ಚೀಲಕ್ಕೆ ಗತಿಯಿಲ್ಲ. ಕಾಲು ಕತ್ತರಿಸಿದವನಿಗೆ ಊರುಗೋಲು ಕೊಡದೆ ಕಳಿಸುವುದಕ್ಕೂ ಇದಕ್ಕೂ ಏನು ಫರಕು? ತಾಲ್ಲೂಕು ಆಸ್ಪತ್ರೆಯ ಔಷಧ ಕೋಣೆಯಲ್ಲಿ ಚೀಲ ಇರಬೇಕು, ಅಳತೆ ತೆಗೆದು ತೋರಿಸಿಕೊಡುವ ಒಬ್ಬ ನರ್ಸ್ ಇರಬೇಕು. ಇಷ್ಟು ಸಾಕು, ಈ ತಾಯಿ ಮುಂದಿನ ಮದುವೆಗೆ ಹೋಗುತ್ತಾಳೆ.

ಭಾಷೆಯ ಮಾತು. ಕನ್ನಡ ನಮ್ಮ ಆಡಳಿತ ಭಾಷೆ ಅಂತ 1963ರಲ್ಲೇ ಕಾಯ್ದೆಯಾಗಿದೆ. ಔಷಧ ಚೀಟಿ ಕನ್ನಡದಲ್ಲಿರಲಿ ಅನ್ನುವ ಒತ್ತಾಯವೂ ಆಗಾಗ ಕೇಳಿಬರುತ್ತದೆ. ಗುಳಿಗೆಯ ಹೆಸರು ಇಂಗ್ಲಿಷಿನಲ್ಲಿದ್ದರೆ ನಮಗೆ ಜಗಳವಿಲ್ಲ, ಅಂಗಡಿಯವನು ಓದುತ್ತಾನೆ. ಆದರೆ ‘ಮತ್ತೆ ಯಾವಾಗ ಬರಬೇಕು, ಏನು ಕಂಡರೆ ತಕ್ಷಣ ಬರಬೇಕು, ಯಾರಿಗೆ ಫೋನ್ ಮಾಡಬೇಕು’ ಅನ್ನುವುದು ರೋಗಿಗೆ ಬರೆದ ಕಾಗದ. ಕಾಗದವನ್ನು ಅದು ಯಾರಿಗೆ ಸೇರಬೇಕೋ ಅವರ ಭಾಷೆಯಲ್ಲಿ ಬರೆಯುವುದು ಉಪಕಾರವಲ್ಲ. ದೊಡ್ಡಪ್ಪನ ಫೈಲಿನ ಆ ಎರಡು ಸಾಲು ಕನ್ನಡದಲ್ಲಿದ್ದಿದ್ದರೆ ಏಳನೇ ತರಗತಿ ಓದುವ ಮೊಮ್ಮಗಳು ಓದಿ ಹೇಳುತ್ತಿದ್ದಳು. ಆ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಎಮ್ಮೆ ಕರು ಹಾಕುವ ದಿನಕ್ಕೂ ಸುತ್ತು ಹಾಕಿದ್ದಾರೆ. ಇದಕ್ಕೂ ಹಾಕುತ್ತಿದ್ದರು.

ವೈದ್ಯರು ಹೇಳುವುದನ್ನೂ ಕೇಳಬೇಕು. ‘ಒಂದು ಬೆಳಿಗ್ಗೆಗೆ ನೂರು ಜನ, ಒಬ್ಬೊಬ್ಬರಿಗೆ ಎಷ್ಟು ಹೇಳಲಿ?’ ನಿಜ. ‘ಹೇಳಿದರೂ ಬರುವುದಿಲ್ಲ’ ಅನ್ನುವುದೂ ಪೂರ್ತಿ ಸುಳ್ಳಲ್ಲ. ನಮ್ಮವರಲ್ಲಿ ಅಂಜಿಕೆ ಇದೆ, ‘ಹೋದ್ರ ಮತ್ತ ಏನರ ಹುಡುಕಿ ತಗೀತಾರ’ ಅಂತ. ಮಗಳ ಸಂಬಂಧ ತಪ್ಪುತ್ತದೆ ಅಂತ ಕಾಯಿಲೆಯ ಹೆಸರನ್ನೇ ಮುಚ್ಚಿಡುವವರಿದ್ದಾರೆ. ಹೋಗಿಬರುವ ಖರ್ಚಿದೆ. 2023ರಿಂದ ಶಕ್ತಿ ಯೋಜನೆಯಲ್ಲಿ ದೊಡ್ಡವ್ವ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಹೋಗುತ್ತಾಳೆ, ರೋಗಿಯಾದ ದೊಡ್ಡಪ್ಪ ಟಿಕೆಟ್ ತೆಗೆಸಬೇಕು. (ಅವರೇ ಹೇಳಿ ನಕ್ಕದ್ದು.) ರೈಲ್ವೆಯ ನಿಯಮ ಇದಕ್ಕಿಂತ ವಾಸಿ. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ ಮಾತ್ರವಲ್ಲ, ಕಾಲಕಾಲದ ತಪಾಸಣೆಗೆ ಹೋಗುವಾಗಲೂ ರಿಯಾಯಿತಿ ಇದೆ: ಸೆಕೆಂಡ್ ಕ್ಲಾಸಿನಲ್ಲಿ ಮುಕ್ಕಾಲು ಭಾಗ, ಸ್ಲೀಪರಿನಲ್ಲಿ ಪೂರ್ತಿ, ಜೊತೆಗೆ ಹೋಗುವ ಒಬ್ಬರಿಗೆ ಎರಡರಲ್ಲೂ ಮುಕ್ಕಾಲು ಭಾಗ. ಆಸ್ಪತ್ರೆಯವರ ಸಹಿ ಇರುವ ನಮೂನೆ ಬೇಕು. ಇದನ್ನು ದೊಡ್ಡಪ್ಪನಿಗೆ ಮೊದಲು ಹೇಳಿದವರು ನಾವು, ಎರಡು ವರ್ಷ ತಡವಾಗಿ.

ಇನ್ನೊಂದು ತಡವಾದ ಮಾತು. ಆಪರೇಷನ್ ಆದಾಗ ‘ಭಾರ ಎತ್ತಬೇಡಿ’ ಅಂದಿದ್ದರು. ಅದು ಹೊಲಿಗೆ ಗಟ್ಟಿಯಾಗುವವರೆಗೆ, ಆರೆಂಟು ವಾರದ ಮಾತು. ಅದು ಮುಗಿಯಿತು ಅಂತ ಯಾರೂ ಹೇಳದ್ದರಿಂದ ಹೊಲದ ಮನುಷ್ಯ ಡೈರಿಯಿಂದಾಚೆ ಹೋಗದೆ ಕಟ್ಟೆಯ ಮೇಲೆ ಕೂತುಬಿಟ್ಟರು. 2025ರಲ್ಲಿ ಹೊರಬಂದ ‘ಚಾಲೆಂಜ್’ ಅನ್ನುವ ಅಧ್ಯಯನದಲ್ಲಿ ಕರುಳಿನ ಕ್ಯಾನ್ಸರಿನ ಕಿಮೋ ಮುಗಿಸಿದ 889 ಜನರನ್ನು ಎರಡು ಗುಂಪು ಮಾಡಿದ್ದರು. ಒಂದಕ್ಕೆ ವ್ಯಾಯಾಮದ ಪುಸ್ತಕ ಕೊಟ್ಟು ಕಳಿಸಿದರು, ಇನ್ನೊಂದರ ಜೊತೆಗೆ 3 ವರ್ಷ ತರಬೇತುದಾರರು ನಿಂತು ನಡೆಸಿದರು. ಅವರಲ್ಲಿ ಬಹಳ ಜನ ಮಾಡಿದ್ದು ಬಿರುಸಿನ ನಡಿಗೆ. 5 ವರ್ಷದ ಹೊತ್ತಿಗೆ ಕಾಯಿಲೆಯಿಲ್ಲದೆ ಬದುಕಿದ್ದವರು ಪುಸ್ತಕದ ಗುಂಪಿನಲ್ಲಿ ನೂರಕ್ಕೆ 74, ಜೊತೆಗಾರರಿದ್ದ ಗುಂಪಿನಲ್ಲಿ ನೂರಕ್ಕೆ 80. ಪುಸ್ತಕ ಕೊಟ್ಟವರಿಗೂ ವಿಚಾರಿಸಿಕೊಂಡವರಿಗೂ ಇದ್ದ ಅಂತರ ಅದು.

ದೊಡ್ಡಪ್ಪನಿಗೆ ಮತ್ತೆ ಕಿಮೋ ಶುರುವಾಗಿದೆ. ಈ ಸಲ ತಾರೀಖುಗಳನ್ನು ಮೊಮ್ಮಗಳು ಕ್ಯಾಲೆಂಡರಿನಲ್ಲಿ ಬರೆದಿದ್ದಾಳೆ. ಇನ್ನೊಂದು ತಾರೀಖನ್ನೂ ಬರೆಸಿದ್ದೇವೆ. ಒಡಹುಟ್ಟಿದವರಿಗೆ, ತಂದೆ ತಾಯಿಗೆ ಈ ಕಾಯಿಲೆ ಬಂದಿದ್ದರೆ 40 ವರ್ಷಕ್ಕೆ, ಅಥವಾ ಅವರಿಗೆ ಕಾಯಿಲೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮುಂಚೆ, ಇದರಲ್ಲಿ ಯಾವುದು ಮೊದಲೋ ಆಗ ಕೊಲೊನೊಸ್ಕೋಪಿ ಮಾಡಿಸಬೇಕು. ನಮ್ಮ ಗೆಳೆಯನ ಅಪ್ಪನಿಗೆ ಈಗ 49.

‘ನನಗೇನಾಗೇತೋ? ಗಟ್ಟಿಮುಟ್ಟ ಅದೀನಿ’ ಅಂದರು ಅವರು.

‘ನಾನೂ ಹಂಗ ಅಂದಿದ್ದೆ’ ಅಂದರು ಕಟ್ಟೆಯ ಮೇಲಿದ್ದ ದೊಡ್ಡಪ್ಪ. ‘ಸುಮ್ನ ಹೋಗಿ ಬಾ.’

ಮಂಗಳವಾರ ಅಣ್ಣ ತಮ್ಮ ಇಬ್ಬರೂ ಹಾವೇರಿಯಿಂದ ಒಂದೇ ರೈಲಿಗೆ ಹೋಗುತ್ತಿದ್ದಾರೆ. ಫೈಲು ಗೆಳೆಯನ ಕೈಯಲ್ಲಿದೆ.